ವಿತರಕ ದಿವಾಳಿಯಾದರೆ ಹಾಲಿನ ಹಣದ ಗತಿಯೇನು?



ಸಂಘದಲ್ಲಿ ನೀವು ಅಳೆದು ಕೊಟ್ಟ ಹಾಲು ಗ್ರಾಹಕರ ಮನೆ ಸೇರುವ ಮುನ್ನ ವಿತರಕರ ಕೈ ದಾಟಬೇಕು. ಹಾಲು, ತುಪ್ಪ, ಹಾಲಿನ ಪುಡಿಯನ್ನು ಅವರಿಗೆ ಉದ್ರಿ ಕೊಟ್ಟರೆ, ಹಣ ಬರುವವರೆಗೆ ಅದು ಆಧಾರವಿಲ್ಲದ ಸಾಲವೇ ಸರಿ.

ವಿತರಕ ಸಂಸ್ಥೆ ಕಂಪನಿಯಾಗಿದ್ದು ದಿವಾಳಿಯೆದ್ದರೆ 2016ರ ದಿವಾಳಿ ಸಂಹಿತೆ ಅನ್ವಯಿಸುತ್ತದೆ. ಅರ್ಜಿ ಅಂಗೀಕಾರವಾದೊಡನೆ ಅದರ ಮೇಲಿನ ವಸೂಲಿ ದಾವೆಗಳು ನಿಲ್ಲುತ್ತವೆ. ಸರಕು ಕೊಟ್ಟವರು ಬಿಲ್ಲುಗಳ ಸಮೇತ ತಮ್ಮ ಬಾಕಿಯ ಕೋರಿಕೆ ಸಲ್ಲಿಸಬೇಕು. ಕೊನೆಗೆ ಆಸ್ತಿ ಮಾರಿದರೆ, ಮೊದಲು ಪ್ರಕ್ರಿಯೆಯ ವೆಚ್ಚ. ನಂತರ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಅಡಮಾನ ಪಡೆದ ಬ್ಯಾಂಕುಗಳ ಸಾಲ. ಬಳಿಕ ಇತರ ನೌಕರರ ಸಂಬಳ, ಅಡಮಾನವಿಲ್ಲದ ಹಣಕಾಸು ಸಾಲ, ಸರ್ಕಾರದ ಬಾಕಿ. ಉದ್ರಿ ಕೊಟ್ಟವರ ಸರದಿ ಇವೆಲ್ಲದರ ನಂತರ. ಅಷ್ಟರಲ್ಲಿ ಉಳಿಯುವುದು ಸಾಮಾನ್ಯವಾಗಿ ಅತ್ಯಲ್ಪ.

ನಷ್ಟ ಇಷ್ಟಕ್ಕೇ ಮುಗಿಯದು. ಮಾರಾಟದ ಮಾರ್ಗ ನಿಂತರೂ ಹಸು ಮರುದಿನ ಹಾಲು ಕೊಡುತ್ತದೆ. ಹೊಸ ವಿತರಕರು ಸಿಗುವವರೆಗೆ ಆ ಹಾಲನ್ನು ಪುಡಿ, ಬೆಣ್ಣೆ ಮಾಡಬೇಕಾಗುತ್ತದೆ.

ಹಾಲು ಕೊಳ್ಳುವ ಸಂಸ್ಥೆಯೇ ಕುಸಿದರೆ ಪೆಟ್ಟು ನೇರವಾಗಿ ಉತ್ಪಾದಕರಿಗೆ. ಬ್ರಿಟನ್ನಿನಲ್ಲಿ 2009ರ ಜೂನ್‌ನಲ್ಲಿ ‘ಡೇರಿ ಫಾರ್ಮರ್ಸ್ ಆಫ್ ಬ್ರಿಟನ್’ ಎಂಬ ಸಹಕಾರ ಸಂಸ್ಥೆ ಕುಸಿದಾಗ ಸುಮಾರು 1,800 ರೈತ ಸದಸ್ಯರ ಮೇ ತಿಂಗಳ ಹಾಲಿನ ಹಣ ಸಿಕ್ಕಿಬಿತ್ತು; ತೊಡಗಿಸಿದ್ದ ಬಂಡವಾಳವೂ ಹೋಯಿತು.

ಆದ್ದರಿಂದ ವಿತರಕರಿಂದ ಠೇವಣಿ ಅಥವಾ ಬ್ಯಾಂಕ್ ಖಾತರಿ ಪಡೆಯುವುದು, ಉದ್ರಿಗೆ ಮಿತಿ ಹಾಕುವುದು, ಒಬ್ಬರನ್ನೇ ನೆಚ್ಚದಿರುವುದು ಅಗತ್ಯ. ಗಡುವು ಮೀರಿದೊಡನೆ ಸರಬರಾಜು ತಡೆಯುವುದು ಕಠಿಣವೆನಿಸಿದರೂ ಅದು ನಿಮ್ಮ ಬಟವಾಡೆಯ ರಕ್ಷಣೆ. ವಾರ್ಷಿಕ ಮಹಾಸಭೆಯಲ್ಲಿ ಅಢಾವೆ ಪತ್ರಿಕೆ ಕೈಗೆ ಬಂದಾಗ ಲಾಭದ ಅಂಕಿಯನ್ನಷ್ಟೇ ನೋಡಬೇಡಿ. ಬರಬೇಕಾದ ಬಾಕಿ ಎಷ್ಟು, ಎಷ್ಟು ದಿನಗಳದ್ದು ಎಂದು ಕೇಳಿ. ಅದು ಸದಸ್ಯರ ಹಕ್ಕು.