ಮರಳನ್ನು ಕಟ್ಟಿಹಾಕಿದ ಗೂಡುಗಳು

ಹಿತ್ತಲಲ್ಲಿ ಗುದ್ದಲಿ, ಹಾರೆ, ಗೊಬ್ಬರದ ಚೀಲ ಇಡಲು ಪುಟ್ಟ ಶೆಡ್ಡು ಬೇಕೆಂದರೆ ಮೇಸ್ತ್ರಿ ಮೊದಲು ಕೇಳುವುದು ಸಿಮೆಂಟು ಎಷ್ಟು ಮೂಟೆ ತರಿಸಲಿ ಎಂದು. ಇಂಗ್ಲೆಂಡ್, ಅಮೆರಿಕದ ಹಿತ್ತಲುಗಳಲ್ಲಿ ಹಲವರು ಈಗ ಕಾಂಕ್ರೀಟಿನ ಗೊಡವೆಗೇ ಹೋಗುವುದಿಲ್ಲ. ಪ್ಲಾಸ್ಟಿಕ್ ಗೂಡುಗಳ ಜಾಲರಿ ಹಾಸಿ, ಜಲ್ಲಿ ತುಂಬಿ, ಮೇಲೆ ಶೆಡ್ಡು ಕೂರಿಸುತ್ತಾರೆ. ಇದರ ಹಿಂದಿರುವ ಗುಟ್ಟನ್ನು ಪರೀಕ್ಷೆಗೆ ಒಡ್ಡಿ ಪಕ್ಕಾ ಮಾಡಿದವರು ಮಾತ್ರ ತೋಟಗಾರರಲ್ಲ, ಸೈನ್ಯದ ಎಂಜಿನಿಯರುಗಳು.

ಮಿಸಿಸಿಪ್ಪಿ ನದಿ ದಂಡೆಯ ವಿಕ್ಸ್‌ಬರ್ಗ್‌ನಲ್ಲಿ ಅಮೆರಿಕ ಸೈನ್ಯದ ಒಂದು ಸಂಶೋಧನಾ ಕೇಂದ್ರವಿತ್ತು. 1927ರ ಮಹಾಪ್ರವಾಹದ ಬಳಿಕ ನದಿಯನ್ನು ಅರ್ಥಮಾಡಿಕೊಳ್ಳಲೆಂದು ಶುರುವಾದದ್ದು. ಆಮೇಲೆ ಮಣ್ಣು, ರಸ್ತೆಗಳ ಕೆಲಸವೂ ಅದರ ಪಾಲಿಗೆ ಬಂತು. 1975ರಲ್ಲಿ ಅಲ್ಲಿನವರ ಮುಂದಿದ್ದ ಪ್ರಶ್ನೆ ಇದು: ಲಾರಿ ಹೂತುಹೋಗುವ ಮೆತ್ತನೆಯ ನೆಲದಲ್ಲಿ, ದೂರದಿಂದ ಕಲ್ಲು ತರಿಸದೆ, ದಿಢೀರನೆ ರಸ್ತೆ ಮಾಡುವುದು ಹೇಗೆ? ಕೈಗೆ ಸಿಗುತ್ತಿದ್ದದ್ದು ಮರಳು. ಮರಳಿನ ಕಷ್ಟ ಎಲ್ಲರಿಗೂ ಗೊತ್ತು, ಭಾರ ಬಿದ್ದೊಡನೆ ಪಕ್ಕಕ್ಕೆ ಜಾರುತ್ತದೆ.

ಹಾಗಾದರೆ ಪಕ್ಕಕ್ಕೆ ಹೋಗಲು ಬಿಡದಿದ್ದರೆ? ಪ್ಲಾಸ್ಟಿಕ್ ಕೊಳವೆಯ ತುಂಡುಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಒಳಗೆ ಮರಳು ತುಂಬಿ ನೋಡಿದರು. ಅಲ್ಯೂಮಿನಿಯಂ ತಗಡಿನ ಗೂಡುಗಳನ್ನೂ ಮಾಡಿದರು. ನೆಲದ ಮೇಲೆ ಸುರಿದ ಅಕ್ಕಿಯನ್ನು ಅಂಗೈಯಿಂದ ಒತ್ತಿದರೆ ಹರಡುತ್ತದೆ, ಸೇರಿನಲ್ಲಿ ತುಂಬಿ ಒತ್ತಿದರೆ ಕೈಯನ್ನೇ ತಡೆದು ನಿಲ್ಲಿಸುತ್ತದೆ. ಇಲ್ಲಿ ಆದದ್ದೂ ಅದೇ. ಗೂಡಿನೊಳಗಿನ ಬಡಪಾಯಿ ಮರಳು, ಬರಿದೇ ಹರಡಿದ ಜಲ್ಲಿಗಿಂತ ಚೆನ್ನಾಗಿ ಭಾರ ಹೊತ್ತಿತು. ಮಳೆ ಬಂದರೂ ಕೆಸರಾಗಲಿಲ್ಲ. ಪ್ರೆಸ್ಟೊ ಎಂಬ ಕಂಪನಿ ಇದನ್ನು ಗಟ್ಟಿ ಪಾಲಿಎಥಿಲೀನ್ ಪಟ್ಟಿಗಳಿಂದ, ಮಡಚಿ ಸಾಗಿಸುವಂತೆ ಮಾಡಿತು. 1980ರ ದಶಕದ ಆರಂಭಕ್ಕೆ ಅದು ನಾಗರಿಕ ಕಾಮಗಾರಿಗಳಿಗೂ ಇಳಿಯಿತು.

ಹಿತ್ತಲಿನ ಜಾಲರಿ ಆ ಸೈನ್ಯದ ಗೂಡಿನ ನೇರ ಸಂತಾನವೇನಲ್ಲ, ತತ್ವ ಒಂದೇ. ಮೇಲ್ಮಣ್ಣು ತೆಗೆದು, ಮಟ್ಟ ನೋಡಿ, ದಮ್ಮಸು ಮಾಡಿ, ನೀರು ಇಳಿಯಬಿಡುವ ಬಟ್ಟೆ ಹಾಸಬೇಕು. ಈ ಬಟ್ಟೆ ಬಿಟ್ಟರೆ ಜಲ್ಲಿ ನಿಧಾನವಾಗಿ ಮಣ್ಣಿಗಿಳಿಯುತ್ತದೆ. ಜಲ್ಲಿಯೂ ಮೂಲೆಮೂಲೆಯಾಗಿ ಒಡೆದದ್ದೇ ಆಗಬೇಕು. ಹೊಳೆಯ ನುಣುಪು ಕಲ್ಲು ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ.

ಎಂಟಡಿ ಉದ್ದ, ಆರಡಿ ಅಗಲದ ಶೆಡ್ಡಿಗೆ ಎರಡಿಂಚು ಜಲ್ಲಿಯೆಂದರೆ 8 ಘನ ಅಡಿ ಸಾಕು. ನಾಲ್ಕಿಂಚಿನ ಕಾಂಕ್ರೀಟಾದರೆ 16 ಘನ ಅಡಿ, ಮೇಲೆ ಮೇಸ್ತ್ರಿ ಕೂಲಿ, ವಾರಗಟ್ಟಲೆ ನೀರು ಹಾಕುವ ಕೆಲಸ. ಉಳಿತಾಯಕ್ಕಿಂತ ನನಗೆ ಮುಖ್ಯವೆನಿಸುವುದು ನೀರು: ಜಲ್ಲಿಯಲ್ಲಿ ಬಸಿದುಹೋಗುತ್ತದೆ, ಮರದ ತಳ ಬೇಗ ಕೊಳೆಯುವುದಿಲ್ಲ.

ಎಲ್ಲ ಕಡೆಗೂ ಇದು ಒಗ್ಗದು. ನಮ್ಮ ಉತ್ತರ ಕರ್ನಾಟಕದ ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವಂಥದ್ದು. ಅದರ ಮೇಲೆ ಬರಿಯ ಜಾಲರಿ ನಂಬಬೇಡಿ. ಇಟ್ಟಿಗೆ ಗೋಡೆಗೂ ಬೇಡ. ಗಟ್ಟಿ ಕೆಂಪು ನೆಲದಲ್ಲಿ ಮರದ್ದೋ ತಗಡಿನದೋ ಹಗುರ ಶೆಡ್ಡಾದರೆ ಮಾತ್ರ ಸಿಮೆಂಟು ತರಿಸುವ ಮುನ್ನ ಜಲ್ಲಿಯ ದರ ವಿಚಾರಿಸಿ.