ತಾಂಡಾಗಳ ಆಶಾ ಕಾರ್ಯಕರ್ತೆಯರು

ತಾನು ವಾಸಿಸುವ ಊರಿನಲ್ಲೇ ಮನೆಮನೆಗೆ ಹೋಗಿ ಬಸುರಿ, ಬಾಣಂತಿ, ಕೂಸುಗಳ ಆರೋಗ್ಯ ವಿಚಾರಿಸುವ, ಅದಕ್ಕೆಂದೇ ತರಬೇತಿ ಪಡೆದ ಮಹಿಳೆ ಆಶಾ ಕಾರ್ಯಕರ್ತೆ. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಈ ವ್ಯವಸ್ಥೆಯನ್ನು ತಂದಿತು. ಸಾಮಾನ್ಯವಾಗಿ ಸಾವಿರ ಜನರಿಗೆ ಒಬ್ಬರು; ಬುಡಕಟ್ಟು, ಗುಡ್ಡಗಾಡು ಪ್ರದೇಶಗಳಲ್ಲಿ ವಸತಿಗೊಬ್ಬರನ್ನು ನೇಮಿಸಲು ಅವಕಾಶವಿದೆ.

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಈ ಕೆಲಸ ಹೆಚ್ಚು ಕಠಿಣವಾಗುವುದು ಲಂಬಾಣಿಗರ ವಸತಿಗಳಾದ ತಾಂಡಾಗಳಲ್ಲಿ. ಲಂಬಾಣಿಗರು ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಪಟ್ಟಿ ಯಾವುದೇ ಇರಲಿ, ತಾಂಡಾಕ್ಕೆ ತನ್ನದೇ ಭಾಷೆಯಿದೆ, ನಾಯಕ-ಕಾರಭಾರಿಗಳ ಮಾತಿಗೆ ಬೆಲೆಯಿದೆ. ಎಷ್ಟೋ ತಾಂಡಾಗಳು ಕಡತದಲ್ಲಿ ಪಕ್ಕದೂರಿನ ಭಾಗವಾಗಿಯೇ ಉಳಿದಿದ್ದವು. ಅವನ್ನು ಕಂದಾಯ ಗ್ರಾಮ ಮಾಡುವ ಕೆಲಸ ಚುರುಕಾದದ್ದು 2017ರ ಕಾನೂನು ತಿದ್ದುಪಡಿಯ ನಂತರ. ಲಂಬಾಣಿ ಮಾತಾಡುವ, ತಾಂಡಾದವರೇ ಆದ ಕಾರ್ಯಕರ್ತೆ ಇದ್ದಲ್ಲಿ ಅತ್ತೆಯಂದಿರು ಬಾಯಿಬಿಡುತ್ತಾರೆ: ಸೊಸೆಗೆ ಎಷ್ಟು ತಿಂಗಳು, ಕಬ್ಬಿಣಾಂಶದ ಗುಳಿಗೆ ನುಂಗುತ್ತಿದ್ದಾಳೋ ಇಲ್ಲವೋ. ಹೊರಗಿನವರಿಗೆ ಈ ಉತ್ತರ ಸಿಗುವುದು ಕಷ್ಟ.

ಬಸುರಿಯ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಮಾಡಿಸುವುದು, ತಪಾಸಣೆಗೆ ಕರೆದೊಯ್ಯುವುದು, ಹೆರಿಗೆಯ ಹೊತ್ತಿಗೆ 108 ಆಂಬುಲೆನ್ಸ್‌ಗೆ ಕರೆ ಮಾಡುವುದು ಮೊದಲ ಹಂತ. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಹೋಗಿ ಕೂಸಿನ ತೂಕ, ಮೈಬಿಸಿ, ಹಾಲು ಕುಡಿಯುವ ರೀತಿ ನೋಡಬೇಕು. ಕ್ಷಯದ ಗುಳಿಗೆ, ಜ್ವರದ ಸಮೀಕ್ಷೆ, ಕುಷ್ಠದ ಪತ್ತೆಯೂ ಇವರ ಪಾಲಿಗೇ.

ಎಲ್ಲಕ್ಕಿಂತ ದೊಡ್ಡ ತೊಡಕು ಗುಳೆ. ಸುಗ್ಗಿ ಮುಗಿಯುತ್ತಿದ್ದಂತೆ ಹಲವು ಕುಟುಂಬಗಳು ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಗೋವೆಯ ಕಟ್ಟಡ ಕೆಲಸಕ್ಕೆ ಹೊರಡುತ್ತವೆ. ಬಸುರಿಯೂ ಹಾಲುಗೂಸೂ ಜೊತೆಗೇ. ಲಸಿಕೆಗೆ 6, 10, 14ನೆಯ ವಾರ ಮತ್ತು 9ನೆಯ ತಿಂಗಳ ಗಡುವಿದೆ. ಗುಳೆಗೆ ಹೊರಟ ಲಾರಿ ಅದಕ್ಕೆ ಕಾಯುವುದಿಲ್ಲ. ಕಾರ್ಡನ್ನು ಗಂಟಿನಲ್ಲಿಟ್ಟು ಕಳಿಸುವುದು, ಫೋನು ಮಾಡಿ ಮುಂದಿನ ಲಸಿಕೆ ನೆನಪಿಸುವುದು, ಮರಳಿದೊಡನೆ ತಪ್ಪಿದ್ದನ್ನು ಹಾಕಿಸುವುದು ಕಾರ್ಯಕರ್ತೆಯ ಮೇಲೆಯೇ ಬೀಳುತ್ತದೆ. ಚೊಚ್ಚಲ ಬಸುರಿ ತವರಿಗೆ ಹೋದಾಗಲೂ ಇದೇ ಪಾಡು.

ಸರ್ಕಾರದ ಲೆಕ್ಕದಲ್ಲಿ ಇವರು ಸ್ವಯಂಸೇವಕಿಯರು. 2025ರ ಆರಂಭದಲ್ಲಿ ರಾಜ್ಯದ ಗೌರವಧನ ತಿಂಗಳಿಗೆ 5,000 ರೂಪಾಯಿ ಇತ್ತು. ಉಳಿದದ್ದು ಕೆಲಸಕ್ಕಿಷ್ಟು ಎಂಬ ಪ್ರೋತ್ಸಾಹಧನ. ಬಾಣಂತಿ-ಕೂಸಿನ ಮನೆಭೇಟಿಗಳೆಲ್ಲ ಮುಗಿದರೆ 250 ರೂಪಾಯಿ. ನಾಲ್ಕನೆಯ ಭೇಟಿಯ ನಂತರ ಬಾಣಂತಿ ಗುಳೆ ಹೊರಟರೆ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ. ಅತಿ ಹೆಚ್ಚು ಅಲೆದಾಟ ಬೇಡುವ ಮನೆಗಳಲ್ಲೇ ಸಂಭಾವನೆ ತಪ್ಪುವುದು ಅನ್ಯಾಯ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರನ್ನು ಗೌರವಿಸಿತು. ಗೌರವ ಸಿಕ್ಕರೂ ಸಂಭಾವನೆಗಾಗಿ 2025ರ ಜನವರಿಯಲ್ಲಿ ರಾಜ್ಯದ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲು-ರಾತ್ರಿ ಧರಣಿ ಕೂತರು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಖಾತ್ರಿಪಡಿಸುವ ಭರವಸೆ ಸರ್ಕಾರದಿಂದ ಸಿಕ್ಕ ಮೇಲೆ ಎದ್ದರು.