ಕುರ್ಚಿಯಲ್ಲೇ ಕುಳಿತು ಕಸರತ್ತು!

ಮೊಣಕಾಲು ನೋವೆಂದು ನಿಮ್ಮ ಅತ್ತೆಯೂ ಭಾನುವಾರದ ಪೂಜೆಗೆ ಹೋಗುವುದನ್ನೇ ಬಿಟ್ಟಿದ್ದಾರೆಯೇ? ಮುದಗಲ್ಲಿನ ನಮ್ಮತ್ತೆಯದೂ ಅದೇ ಕಥೆ. "ಕುಂತ್ರ ಏಳಾಕ ಬರಂಗಿಲ್ಲವ್ವ, ಮಂದಿ ಮುಂದ ನಾಚಿಕಿ" ಅಂತ ಮನೆಯಲ್ಲೇ ಉಳಿದರು. ಶತಮಾನಗಳಷ್ಟು ಹಳೆಯ ಚರ್ಚು ಇರುವ ಊರು. ಅವರ ಓರಗೆಯವರೆಲ್ಲ ಸಿಗುತ್ತಿದ್ದುದೂ ಅಲ್ಲೇ.

ಅಮೆರಿಕದ ಹಲವು ಚರ್ಚುಗಳಲ್ಲಿ ಇಂಥವರಿಗೆಂದೇ ಕುರ್ಚಿ ವ್ಯಾಯಾಮ ನಡೆಸುತ್ತಾರೆ. ನಮ್ಮಲ್ಲೂ ಪೂಜೆ ಮುಗಿದ ಮೇಲೆ ನಾಲ್ಕು ಜನ ಸೇರಿದರೆ ಸಾಕು. ಕೈಗಳಿರುವ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ (ಹಗುರ ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತೆ). ಒಂದೊಂದೇ ಕಾಲನ್ನು ನೇರ ಚಾಚಿ, ಐದು ಎಣಿಸಿ ಇಳಿಸಲಿ, ಹತ್ತತ್ತು ಸಲ. ಪಾದ ಮೇಲೆ ಕೆಳಗೆ ಆಡಿಸಲಿ. ಆಮೇಲೆ ಕುರ್ಚಿಯ ಕೈ ಹಿಡಿದು ಎದ್ದು ಕೂರುವುದು, ಐದು ಸಲ. ನೀವು ಪಕ್ಕದಲ್ಲೇ ಇರಿ. ಉಸಿರು ಬಿಗಿಹಿಡಿಯಬಾರದು. ಎದೆನೋವು, ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸಿ. ಬಿಪಿ, ಹೃದಯದ ತೊಂದರೆ ಇದ್ದವರು ಮೊದಲು ಡಾಕ್ಟರನ್ನು ಕೇಳಲೇಬೇಕು.

65 ದಾಟಿದವರಿಗೆ ವಾರಕ್ಕೆ ಕನಿಷ್ಠ 3 ದಿನ ಸಮತೋಲನ, ಸ್ನಾಯುಬಲದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಭಾನುವಾರವೊಂದೇ ಸಾಲದು, ಉಳಿದ ದಿನ ಸೀರಿಯಲ್ ನೋಡುವಾಗ ಮಾಡಿಸಿ.

ನಮ್ಮತ್ತೆ ಈಗ ಚರ್ಚಿನ ಕೊನೆ ಬೆಂಚಿನಲ್ಲಿ ಕೂರುತ್ತಾರೆ. ಮೊಣಕಾಲೂರಲು ಆಗುವುದಿಲ್ಲ, ನಿಜ. ಆದರೆ ಏಳುವಾಗ ನನ್ನ ಕೈ ಕೇಳುವುದಿಲ್ಲ.